ಸೂರತ್ತಿಗೆ ಕರೆಯದೆ ಹೋದದ್ದು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ದಾವಣಗೆರೆಯ ಜವಳಿ ಅಂಗಡಿಯೊಂದರ ಮಾಲೀಕರು ತಮ್ಮ ಹಿರಿಯ ಮಾರಾಟಗಾರರ ವಿಷಯವಾಗಿ ಆಪ್ತಸಮಾಲೋಚನೆಗೆಂದು ನನ್ನ ಬಳಿಗೆ ಬಂದಿದ್ದರು. 19 ವರ್ಷಗಳಿಂದ ಸೀರೆ ವಿಭಾಗ ನೋಡಿಕೊಳ್ಳುತ್ತಿದ್ದ ಅವರು ಆರು ತಿಂಗಳಿಂದ ಮಂಕಾಗಿದ್ದಾರೆ, ಗಿರಾಕಿ ಕೇಳಿದ ಸೀರೆಯನ್ನಷ್ಟೇ ತೆಗೆದು ಹಾಸುತ್ತಾರೆ, ಗಂಟೆ ಎಂಟಾದರೆ ಚಪ್ಪಲಿ ಮೆಟ್ಟಿ ಹೊರಡುತ್ತಾರೆ ಎಂಬುದು ದೂರು. “ಸಂಬಳ ಏರಿಸಿದೆ, ಕಮಿಷನ್ನೂ ಇಟ್ಟೆ, ಇನ್ನೇನು ಕೊಡ್ಲಿ ಮೇಡಂ?” ಎಂದು ಕೇಳಿದರು. ಆ ಮಾರಾಟಗಾರರನ್ನು ನಾನು ಭೇಟಿಯಾಗುತ್ತೇನೆ, ಆದರೆ ಅವರು ಆಡಿದ ಮಾತು ಅವರ ಒಪ್ಪಿಗೆಯಿಲ್ಲದೆ ನಿಮಗೆ ತಲುಪುವುದಿಲ್ಲ ಎಂದೆ. ಶುಲ್ಕ ಕೊಡುವವರು ತಾವಾದ್ದರಿಂದ ಮಾಲೀಕರಿಗೆ ಇದು ಸುಲಭವಾಗಿ ಹಿಡಿಸಲಿಲ್ಲ.

ಮೊದಲ ಭೇಟಿಯಲ್ಲಿ ನಿದ್ರೆ, ಊಟ, ಮನೆಯ ಸಾಲ, ಕುಡಿತ ಎಲ್ಲವನ್ನೂ ವಿಚಾರಿಸಿದೆ. ಖಿನ್ನತೆಯ ಲಕ್ಷಣಗಳು ಕಾಣಲಿಲ್ಲ. ಎರಡನೆಯ ಭೇಟಿಯಲ್ಲಿ ವಿಷಯ ಹೊರಬಂತು. ಹೊಸ ಕಮಿಷನ್ ಬಿಲ್ಲುಗಳ ಸಂಖ್ಯೆಯ ಮೇಲೆ ನಿಂತಿದೆ ಮತ್ತು ಯಾರದು ಎಷ್ಟು ಬಿಲ್ಲು ಎಂಬುದನ್ನು ಗಲ್ಲೆಯ ಪಕ್ಕದ ಬೋರ್ಡಿನಲ್ಲಿ ಬರೆಯುತ್ತಾರೆ. ಹೊನ್ನಾಳಿ ಕಡೆಯಿಂದ ಮದುವೆ ಜವಳಿಗೆ ಹತ್ತು ಹನ್ನೆರಡು ಜನ ಬಂದು, ಧಾರೆ ಸೀರೆ, ಬೀಗರ ಸೀರೆ, ಸೋದರತ್ತೆಯರ ಸೀರೆ ಎಂದು ಅರ್ಧ ದಿನ ಕೂತು ಎದ್ದರೆ ಆಗುವುದು ಒಂದೇ ಬಿಲ್ಲು. ಅಷ್ಟರಲ್ಲಿ ಪಕ್ಕದ ಹುಡುಗ ಡಜನ್ ಬಿಲ್ಲು ಮಾಡಿರುತ್ತಾನೆ. ಬೋರ್ಡಿನಲ್ಲಿ ತಮ್ಮ ಹೆಸರು ತಳದಲ್ಲಿರುವುದನ್ನು ಹೇಳುವಾಗ ಅವರು ನಕ್ಕರು.

ನಗದೆ ಹೇಳಿದ್ದು ಬೇರೆ. ಅವರ ಅಂಗಿ ಜೇಬಿನಲ್ಲಿ ಒಂದು ಪುಟ್ಟ ಪುಸ್ತಕವಿರುತ್ತದೆ. ಯಾವ ಊರಿನವರು ಯಾವ ಬಣ್ಣ, ಎಷ್ಟು ಅಗಲದ ಅಂಚು ಕೇಳಿ ಸಿಗದೆ ಬರಿಗೈಯಲ್ಲಿ ಹೋದರೆಂಬುದನ್ನು ಅದರಲ್ಲಿ ಬರೆದಿಡುತ್ತಾರೆ. ಪ್ರತಿ ವರ್ಷ ಮದುವೆ ಸೀಸನ್ನಿಗೆ ಮುಂಚೆ ಆ ಪುಸ್ತಕ ಹಿಡಿದು ಮಾಲೀಕರ ಜೊತೆ ಸೂರತ್ತಿಗೆ ಖರೀದಿಗೆ ಹೋಗುತ್ತಿದ್ದರು. ಈ ಸಲ ಮಾಲೀಕರ ಮಗ ಹೋಗಿ ಬಂದ. “ಬಂಡಲ್ ಬಿಚ್ಚಿದಾಗಲೇ ನಂಗೆ ಗೊತ್ತಾಗಿದ್ದು ಮೇಡಂ. ಹೋಗ್ತೀವಿ ಅಂತ ಒಂದು ಮಾತು ಹೇಳ್ಬಹುದಿತ್ತು.”

ಸಂಬಳ ಮತ್ತು ಕೆಲಸದ ಸ್ಥಿತಿಗತಿ ಕೆಟ್ಟರೆ ಅತೃಪ್ತಿ ಹುಟ್ಟುತ್ತದೆ, ಆದರೆ ಹುರುಪು ಹುಟ್ಟುವುದು ಮನ್ನಣೆ, ಹೊಣೆ, ಸಾಧನೆಗಳಿಂದ ಎಂದು ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲಿ ಹೇಳಿದರು. ಅವರು ಮಾತನಾಡಿಸಿದ್ದು ಅಮೆರಿಕದ ಎಂಜಿನಿಯರುಗಳನ್ನು ಮತ್ತು ಲೆಕ್ಕಿಗರನ್ನು; ಜೀವನಕ್ಕೇ ಸಾಲದ ಕೂಲಿ ಪಡೆಯುವವರ ಮುಂದೆ ಈ ಮಾತನ್ನು ನಾನು ಎತ್ತುವುದಿಲ್ಲ. ಈ ಪ್ರಕರಣಕ್ಕೆ ಮಾತ್ರ ಅದು ಒಪ್ಪುತ್ತಿತ್ತು. ತಾನು ಹಾಕಿದ ದುಡಿಮೆಗೆ ಸಿಕ್ಕಿದ್ದನ್ನು ಮನುಷ್ಯ ಪಕ್ಕದವನದರ ಜೊತೆ ತೂಗಿ ನೋಡುತ್ತಾನೆ, ತಕ್ಕಡಿ ವಾಲಿದರೆ ದುಡಿಮೆಯನ್ನೇ ಇಳಿಸಿ ಸಮ ಮಾಡಿಕೊಳ್ಳುತ್ತಾನೆ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೆ. ಸ್ಟೇಸಿ ಆಡಮ್ಸ್ ಅವರ 1963ರ ವಿವರಣೆಯೂ ಅಷ್ಟೇ ಹೊಂದುತ್ತಿತ್ತು: ಎರಡನೆಯ ಸೀರೆ ತೋರಿಸದಿರುವುದು ಸೋಮಾರಿತನವಾಗಿರಲಿಲ್ಲ.

ಮಾರಾಟಗಾರರ ಒಪ್ಪಿಗೆ ಪಡೆದು ಮಾಲೀಕರಿಗೆ ಹೇಳಿದ್ದು ಇಷ್ಟು: ಮದುವೆ ಜವಳಿಯನ್ನು ಬಿಲ್ಲಿನ ಎಣಿಕೆಯಿಂದ ಹೊರತೆಗೆದು ಮೊತ್ತದ ಮೇಲೆ ಕಮಿಷನ್ ಕೊಡಿ, ಬೋರ್ಡು ತೆಗೆಯಿರಿ, ಮುಂದಿನ ಖರೀದಿಗೆ ಮುಂಚೆ ಅವರನ್ನು ಕೂರಿಸಿಕೊಂಡು ಕೇಳಿ, ಆದರೆ ಕೇಳಿದ ಶಾಸ್ತ್ರ ಮಾಡುವುದಾದರೆ ಕೇಳಲೇಬೇಡಿ, ಗಿರಾಕಿಯ ಮುಖ ಓದುವವರಿಗೆ ನಿಮ್ಮ ಮುಖ ಓದಲು ಎರಡು ನಿಮಿಷ ಸಾಕು. ಮಾರಾಟಗಾರರಿಗೂ ಒಂದು ಮಾತು ಹೇಳಬೇಕಾಯಿತು: ಸಿಟ್ಟು ಮಾಲೀಕರ ಮೇಲೆ, ಅದರ ಫಲ ಉಣ್ಣುತ್ತಿರುವವರು ನಿಮ್ಮನ್ನೇ ಹುಡುಕಿಕೊಂಡು ಬರುವ ಗಿರಾಕಿಗಳು, ಆ ಮಾತನ್ನು ನೇರವಾಗಿ ಮಾಲೀಕರಿಗೇ ಹೇಳಿ.

ಕಮಿಷನ್ ಬದಲಾಯಿತು. ಮಗ ಒಪ್ಪದ ಕಾರಣ ಬೋರ್ಡು ಇನ್ನೂ ಅಲ್ಲೇ ಇದೆ. ಮೂರನೆಯ ಭೇಟಿಗೆ ಅವರು ಪುಸ್ತಕ ತಂದಿದ್ದರು. ಆರು ತಿಂಗಳಿಂದ ಖಾಲಿಯಿರಬಹುದೆಂದು ನಾನು ಭಾವಿಸಿದ್ದೆ, ಹಿಂದಿನ ಶನಿವಾರದವರೆಗೂ ಬರೆದಿತ್ತು. ಮಗನಿಗೆ ತೋರಿಸುತ್ತೀರಾ ಎಂದೆ. “ಅವನೇ ಕೇಳ್ಲಿ” ಎಂದು ಪುಸ್ತಕವನ್ನು ಜೇಬಿಗೆ ಹಾಕಿಕೊಂಡರು. ಬಾಗಿಲ ಬಳಿ ತಿರುಗಿ, ಇಷ್ಟನ್ನು ಅವನಿಗೆ ತಿಳಿಸಲು ಅಡ್ಡಿಯಿಲ್ಲ ಎಂದರು.