ಅರ್ಧಕ್ಕೇ ನಿಂತ ಬೊವೆ ಕಥೀಡ್ರಲ್

ಪ್ರಶ್ನೆ: ಫ್ರಾನ್ಸಿನ ಬೊವೆ ಊರಿನ ಸೇಂಟ್ ಪೀಟರ್ ಕಥೀಡ್ರಲ್ ಫೋಟೊ ನೋಡಿದೆ. ಅಷ್ಟು ಎತ್ತರದ ಕಟ್ಟಡ ಪಶ್ಚಿಮಕ್ಕೆ ಬರುತ್ತಿದ್ದ ಹಾಗೆ ಒಂದು ಗೋಡೆಯಲ್ಲಿ ಥಟ್ಟನೆ ಮುಗಿದುಹೋಗಿದೆ. ದುಡ್ಡು ಸಾಲಲಿಲ್ಲವೋ, ಲೆಕ್ಕ ತಪ್ಪಿತೋ?

ಉತ್ತರ: ಎರಡೂ ಹೌದು. ಆದರೆ ದುಡ್ಡು ಮುಗಿಯುವುದಕ್ಕೂ ಕಾರಣ ಅದರ ಎತ್ತರವೇ.

1225ರಲ್ಲಿ ಹಳೆಯ ಚರ್ಚ್ ಬೆಂಕಿಗೆ ಸಿಕ್ಕಿತು. ಹೊಸದನ್ನು ಬಲಿಪೀಠದ ಕಡೆಯಿಂದ ಶುರು ಮಾಡಿದರು. 1272ಕ್ಕೆ ಆ ಭಾಗ ಮುಗಿಯಿತು. ನೆಲದಿಂದ ಒಳಚಾವಣಿಗೆ ಸುಮಾರು 48 ಮೀಟರ್, ಅಂದರೆ ಹದಿನಾರು ಮಹಡಿಯಷ್ಟು! ಚೂಪು ಕಮಾನಿನ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಇಷ್ಟು ಎತ್ತರದ ಕಲ್ಲಿನ ಚಾವಣಿ ಬೇರೆ ಇಲ್ಲ.

ಕಮಾನಿನ ಚಾವಣಿ ಭಾರವನ್ನು ಕೆಳಕ್ಕೆ ಮಾತ್ರ ಅಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳುವಿಕೆಯನ್ನು ಹೊರಗಿನ ಆಸರೆ ಕಮಾನುಗಳು ಹೊತ್ತು ನೆಲಕ್ಕೆ ಇಳಿಸುತ್ತವೆ. ಅದಕ್ಕೇ ಗೋಡೆ ತುಂಬ ಗಾಜಿನ ಕಿಟಕಿ ಇಡಲು ಆಗುವುದು. ಬೊವೆಯಲ್ಲಿ ಕಂಬಗಳನ್ನು ದೂರ ದೂರ ನಿಲ್ಲಿಸಿ, ಆಸರೆಗಳನ್ನೂ ತೆಳ್ಳಗೆ ಮಾಡಿದ್ದರು. 1284ರಲ್ಲಿ ಚಾವಣಿಯ ಒಂದು ಭಾಗ ಕುಸಿಯಿತು. ನಿಖರ ಕಾರಣದ ಬಗ್ಗೆ ತಜ್ಞರು ಇವತ್ತಿಗೂ ವಾದ ಮಾಡುತ್ತಾರೆ. ಇದನ್ನು ಸುಮ್ನೆ 'ಅಹಂಕಾರಕ್ಕೆ ಸಿಕ್ಕ ಶಿಕ್ಷೆ' ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕಟ್ಟುವವರು ಹೆದರಿ ಎತ್ತರ ಇಳಿಸಲಿಲ್ಲ. ಹಳೆಯ ಕಂಬಗಳ ನಡುವೆ ಹೊಸ ಕಂಬ ಕೊಟ್ಟು ಅಷ್ಟೇ ಎತ್ತರಕ್ಕೆ ಮತ್ತೆ ಕಟ್ಟಿದರು. ಒಳಗಿನ ಫೋಟೊ ಸಿಕ್ಕರೆ ನೋಡಿ, ಕಮಾನುಗಳು ಇಕ್ಕಟ್ಟಾಗಿ ಒತ್ತಿಕೊಂಡಿರುವುದು ಅದಕ್ಕೇ.

ಆಮೇಲೆ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ 'ನೂರು ವರ್ಷಗಳ ಯುದ್ಧ' ಬಂದು ಕೆಲಸ ನಿಂತಿತು. 1500ರಲ್ಲಿ ಮಾರ್ಟಿನ್ ಶಾಂಬೀಜ್ ಎಂಬ ಶಿಲ್ಪಿಯ ಕೈಯಲ್ಲಿ ಉತ್ತರ-ದಕ್ಷಿಣಕ್ಕೆ ಚಾಚುವ ಅಡ್ಡ ಹಜಾರಗಳು ಏಳತೊಡಗಿದವು. ನಿಜವಾದ ತಪ್ಪು ಆಗಿದ್ದು ಅದಾದ ಮೇಲೆ. ಜನ ಕೂರುವ ಪಶ್ಚಿಮದ ಉದ್ದ ಹಜಾರ ಮೊದಲು ಕಟ್ಟಬೇಕಿತ್ತು ಅಲ್ವಾ? ಅದನ್ನು ಬಿಟ್ಟು ನಟ್ಟನಡುವೆ ಗೋಪುರ ಎಬ್ಬಿಸಿದರು. 1569ಕ್ಕೆ ಅದು 153 ಮೀಟರ್ ಮುಟ್ಟಿತು, ಸ್ಟ್ರಾಸ್‌ಬರ್ಗ್ ಕಥೀಡ್ರಲ್‌ನ 142 ಮೀಟರಿಗಿಂತಲೂ ಜಾಸ್ತಿ. ಉಳಿದ ಮೂರು ಕಡೆ ಕಟ್ಟಡದ ಒತ್ತಾಸೆ ಇತ್ತು, ಪಶ್ಚಿಮಕ್ಕೆ ಏನೂ ಇರಲಿಲ್ಲ. 1573ರ ಏಪ್ರಿಲ್ 30, ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ. ಜನ ಮೆರವಣಿಗೆಯಲ್ಲಿ ಆಚೆ ಹೋಗಿದ್ದರು, ಅಷ್ಟರಲ್ಲಿ ಗೋಪುರ ಉರುಳಿತು. ಒಡೆದಿದ್ದನ್ನು ರಿಪೇರಿ ಮಾಡುವುದರಲ್ಲೇ ದುಡ್ಡು ಕರಗಿತು. ಹಜಾರ ಬರಲೇ ಇಲ್ಲ.

ಇದರಿಂದ ಒಂದು ಲಾಭವೂ ಆಯಿತು. ಹಜಾರಕ್ಕೆ ಜಾಗ ಬಿಡಲು ಕೆಡವಬೇಕಿದ್ದ ಹತ್ತನೇ ಶತಮಾನದ ಪುಟ್ಟ ಚರ್ಚ್, 'ಬಾಸ್ ಉವ್ರ್', ಆ ಗೋಡೆಯ ಮುಂದೆಯೇ ಉಳಿದುಕೊಂಡಿದೆ. ಹೋದರೆ ಅದನ್ನೂ ನೋಡಿ.