ಸಂಶೋಧನೆಗೆ ರಕ್ತ ಕೊಟ್ಟೆ, ನನ್ನ ರಿಪೋರ್ಟ್ ಎಲ್ಲಿ?

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

"ಎಂಟು ತಿಂಗಳಾಯ್ತು, ಯಾರೂ ಫೋನ್ ಮಾಡಿಲ್ಲ. ಅಂದ್ರೆ ನನಗೇನೂ ಇಲ್ಲ ಅಂತ ತಾನೇ?"

ವಂಶವಾಹಿ ಕಾಯಿಲೆಗಳ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದು ಕೂತ ಕೂಡಲೇ ಆಕೆ ಕೇಳಿದ್ದು ಇದನ್ನೇ. ಮೂವತ್ತರ ಆಸುಪಾಸು. ಅಪ್ಪನಿಗೆ ಮೋಟಾರ್ ನ್ಯೂರಾನ್ ಕಾಯಿಲೆ, ಅಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳು ಸಾಯುತ್ತಾ ಹೋಗಿ ಕೈಕಾಲು ಬಲ ಕಳೆದುಕೊಳ್ಳುವ ಕಾಯಿಲೆ. ಕಾರಣ ಹುಡುಕುವ ಒಂದು ಜೀನ್ ಅಧ್ಯಯನಕ್ಕೆ ಮನೆಯವರೆಲ್ಲ ರಕ್ತ ಕೊಟ್ಟಿದ್ದರು. ಈಚೆಗೆ ಆಕೆಯ ಹೆಬ್ಬೆರಳು ಅದುರುತ್ತಿತ್ತು. ರಾತ್ರಿಯಿಡೀ ಅದನ್ನೇ ನೋಡುತ್ತಾ ಕೂರುತ್ತಿದ್ದರಂತೆ.

ಮೊದಲು ಬೆರಳಿನ ವಿಷಯ ಮುಗಿಸಿದೆವು. ಆರೋಗ್ಯವಂತರಲ್ಲೂ ಇಂಥ ಅದುರುವಿಕೆ ಬಹಳ ಸಾಮಾನ್ಯ. ಆದರೂ ನ್ಯೂರಾಲಜಿಸ್ಟ್ ಒಮ್ಮೆ ನೋಡಲಿ ಎಂದೆ. ನೋಡಿದರು, ಸ್ನಾಯುಗಳ ಬಲ ಸರಿಯಾಗಿಯೇ ಇತ್ತು.

ಫೋನ್ ಬಂದಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ಏನೋ ಇದೆ ಎಂದೂ ಅಲ್ಲ. ಇಂಥ ಅಧ್ಯಯನಗಳು ಸಾವಿರಾರು ಜನರ ಡಿಎನ್‌ಎಯನ್ನು ಒಟ್ಟಿಗೆ ಹೋಲಿಸುತ್ತವೆ. ಒಬ್ಬೊಬ್ಬರಿಗೆ ರಿಪೋರ್ಟ್ ಕೊಡುವುದು ಸಾಮಾನ್ಯವಾಗಿ ಅವುಗಳ ಕೆಲಸವೇ ಅಲ್ಲ. ಸಹಿ ಹಾಕಿದ ಫಾರಂನಲ್ಲಿ ಅದು ಇತ್ತು. ಆಸ್ಪತ್ರೆ ಕಾರಿಡಾರಿನಲ್ಲಿ ನಿಂತು ಅದನ್ನು ಓದುವವರು ಯಾರು, ಹೇಳಿ?

ಆಮೇಲೆ ವಂಶದ ಚಿತ್ರ ಬರೆದೆವು. "ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ" ಎಂದರು. ನಾನು ಕೇಳಿದ್ದು ಮರೆವು, ಸ್ವಭಾವ ಬದಲಾದದ್ದು, ಇವುಗಳ ಬಗ್ಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅತ್ತೆ ಇದ್ರು, ಅಪ್ಪನ ಅಕ್ಕ. ಐವತ್ತರಲ್ಲೇ ವಿಚಿತ್ರವಾಗಿ ಆಡೋಕೆ ಶುರು ಮಾಡಿದ್ರು. ಮಾನಸಿಕ ಅಂದ್ಕೊಂಡಿದ್ವಿ."

ಇದು ಮುಖ್ಯ. 2011ರಲ್ಲಿ ಪತ್ತೆಯಾದ ಸಿ9ಓಆರ್‌ಎಫ್72 ಜೀನ್‌ನ ದೋಷ ಒಂದೇ ಕುಟುಂಬದಲ್ಲಿ ಒಬ್ಬರಿಗೆ ಈ ಕಾಯಿಲೆಯಾಗಿ, ಇನ್ನೊಬ್ಬರಿಗೆ ಸ್ವಭಾವವನ್ನೇ ಬದಲಿಸುವ, ಮಿದುಳಿನ ಮುಂಭಾಗದ ಡಿಮೆನ್ಷಿಯಾ ಆಗಿ ಕಾಣಿಸಬಹುದು. ಅಲ್ಲಿ ಡಿಎನ್‌ಎಯ ಆರಕ್ಷರದ ತುಣುಕೊಂದು ನೂರಾರು ಸಲ ಮರುಕಳಿಸಿರುತ್ತದೆ. ಮಾಮೂಲಿ ಜೀನ್ ಟೆಸ್ಟ್ ಇದನ್ನು ತಪ್ಪಿಸಿಬಿಡಬಹುದು. ಪ್ರತ್ಯೇಕವಾಗಿ ಕೇಳಿ ಮಾಡಿಸಬೇಕು.

ನನ್ನ ಸಲಹೆ: ಟೆಸ್ಟ್ ನಿಮ್ಮಿಂದ ಶುರುವಾಗುವುದು ಬೇಡ, ಅಪ್ಪ ಒಪ್ಪಿದರೆ ಅವರಿಂದ ಆಗಲಿ. ಅವರಲ್ಲಿ ದೋಷ ಯಾವುದೆಂದು ಗೊತ್ತಾಗದೆ ನಿಮಗೆ "ಇಲ್ಲ" ಎಂದು ಬಂದರೆ ಅದನ್ನು ನಂಬುವ ಹಾಗಿಲ್ಲ.

ಅಪ್ಪ ಒಪ್ಪಿದರು. ಅದೇ ಜೀನ್‌ನ ದೋಷ ಸಿಕ್ಕಿತು.

ಈಗ ಆಕೆಗೂ ತಮ್ಮನಿಗೂ ಆ ದೋಷ ಬಂದಿರುವ ಸಾಧ್ಯತೆ ತಲಾ 50 ಪರ್ಸೆಂಟ್. ಒಬ್ಬರ ಫಲಿತಾಂಶದಿಂದ ಇನ್ನೊಬ್ಬರದ್ದು ತಿಳಿಯುವುದಿಲ್ಲ. ದೋಷ ಬಂದಿದ್ದರೂ ಕಾಯಿಲೆ ಬಂದೇ ಬರುತ್ತದೆ ಎಂದಿಲ್ಲ, ಯಾವಾಗ ಎಂದೂ ಹೇಳಲಾಗದು. "ಹೊಸ ಔಷಧಿ ಬಂದಿದೆಯಂತಲ್ವಾ?" ಎಂದರು. 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೋಫರ್ಸೆನ್ ಎಂಬ ಔಷಧಿ ಇರುವುದು ಎಸ್‌ಒಡಿ1 ಎಂಬ ಬೇರೆ ಜೀನ್‌ನಲ್ಲಿ ದೋಷವಿರುವ ರೋಗಿಗಳಿಗೆ. ಇವರ ಮನೆಗೆ ಅದು ಉಪಯೋಗವಿಲ್ಲ. ಇದನ್ನು ಹೇಳುವಾಗ ನನಗೂ ಕಷ್ಟವಾಯಿತು.

ಒಂದು ಮನೆಗೆಲಸ ಕೊಟ್ಟೆ. "ಇದೆ" ಎಂದು ಬಂದ ಮರುದಿನ ಬೆಳಿಗ್ಗೆ ಏನು ಮಾಡುತ್ತೀರಿ, ಬರೆದು ತನ್ನಿ. "ಇಲ್ಲ" ಎಂದು ಬಂದರೆ ತಮ್ಮನ ಮುಖ ಹೇಗೆ ನೋಡುತ್ತೀರಿ, ಅದನ್ನೂ. ಆರು ವರ್ಷದ ಮಗಳಿಗೆ ಟೆಸ್ಟ್ ಬೇಡವೇ ಬೇಡ. ದೊಡ್ಡವಳಾದ ಮೇಲೆ ಅವಳೇ ತೀರ್ಮಾನಿಸಲಿ.

ಮೂರನೇ ಭೇಟಿಗೆ ಎರಡು ಹಾಳೆ ತಂದರು. ಮೊದಲನೆಯದು ತುಂಬಿತ್ತು, ಎರಡನೆಯದು ಖಾಲಿ. ಟೆಸ್ಟ್ ಸದ್ಯಕ್ಕೆ ಬೇಡ ಎಂದರು. ಮುಂದಿನ ಸಲ ತಮ್ಮನನ್ನೂ ಕರೆದುಕೊಂಡು ಬರುತ್ತಾರಂತೆ.