ಟ್ರ್ಯಾಕ್ಟರ್ ಬಾಡಿಗೆ ಆ್ಯಪ್‌ನಲ್ಲಿ ಗುರುತು ಪರಿಶೀಲನೆ: ಯಾರಿಂದ ಏನು ಕೇಳಬೇಕು?

ಪ್ರಶ್ನೆ: ನಾವಿಬ್ಬರು ಗೆಳೆಯರು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದು, ನವಲಗುಂದ, ಅಣ್ಣಿಗೇರಿ, ಗದಗ ಮತ್ತು ರೋಣ ಭಾಗದ ರೈತರಿಗೆ ಟ್ರ್ಯಾಕ್ಟರ್ ಹಾಗೂ ರಾಶಿ ಯಂತ್ರಗಳನ್ನು ಬಾಡಿಗೆಗೆ ಕೊಡಿಸುವ ಆ್ಯಪ್ ಒಂದನ್ನು ಫ್ಲಟರ್‌ನಲ್ಲಿ (ಆ್ಯಪ್ ಕಟ್ಟುವ ತಂತ್ರಾಂಶ ಸಾಧನ) ಸಿದ್ಧಪಡಿಸುತ್ತಿದ್ದೇವೆ. ಸುಳ್ಳು ಹೆಸರಿನಲ್ಲಿ ನೋಂದಾಯಿಸಿ, ಮುಂಗಡ ಪಡೆದು ಕಾಣೆಯಾಗುವವರನ್ನು ತಡೆಯಬೇಕಾಗಿದೆ. ಎಲ್ಲರಿಂದಲೂ ಆಧಾರ್ ಕಾರ್ಡಿನ ಎರಡೂ ಬದಿಯ ಫೋಟೊ ಪಡೆದು ಇಟ್ಟುಕೊಂಡರೆ ಸಾಕೇ? ಬೆರಳಚ್ಚಿನ ಪ್ಲಗಿನ್ (ಆ್ಯಪ್‌ಗೆ ಜೋಡಿಸುವ ಸಿದ್ಧ ಕೋಡ್) ಸೇರಿಸಬೇಕೇ? ಅಥವಾ ಪರಿಶೀಲನಾ ಕಂಪನಿಯೊಂದರ ಎಸ್‌ಡಿಕೆ, ಅಂದರೆ ಅವರ ಪರಿಶೀಲನೆಯನ್ನು ನಮ್ಮ ಆ್ಯಪ್‌ಗೆ ಸೇರಿಸುವ ಕೋಡ್ ಕಟ್ಟು, ಕೊಳ್ಳಬೇಕೇ?

ಉತ್ತರ: ಆಧಾರ್ ಕಾರ್ಡಿನ ಫೋಟೊ ಸಂಗ್ರಹಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಫೋಟೊದಲ್ಲಿ ಕಾಣುವ ಕಾರ್ಡು ಅಸಲಿಯೋ, ಮೊಬೈಲಿನಲ್ಲೇ ಹೆಸರು ತಿದ್ದಿದ್ದೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಮೋಸಗಾರನನ್ನು ಅದು ತಡೆಯುವುದಿಲ್ಲ, ಆದರೆ ನಿಮ್ಮನ್ನು ನಂಬಿ ಕಾರ್ಡು ತೋರಿಸಿದ ಸಾವಿರಾರು ಜನರ ಆಧಾರ್ ಸಂಖ್ಯೆಗಳನ್ನು ಕಾಯುವ ಹೊರೆ ನಿಮ್ಮ ತಲೆಯ ಮೇಲೆ ಬರುತ್ತದೆ. ಕಾನೂನಿನ ತೊಡಕೂ ಇದೆ. ಖಾಸಗಿ ಸಂಸ್ಥೆಗಳು ಕರಾರಿನ ಬಲದ ಮೇಲೆ ಆಧಾರ್ ದೃಢೀಕರಣ ಮಾಡಿಸಲು ದಾರಿ ಕೊಟ್ಟಿದ್ದ ಆಧಾರ್ ಕಾಯ್ದೆಯ 57ನೇ ಸೆಕ್ಷನ್ನಿನ ಭಾಗವನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ರದ್ದುಪಡಿಸಿತು. ಆಮೇಲೆ 2019ರ ತಿದ್ದುಪಡಿಯು, ವ್ಯಕ್ತಿ ತಾನಾಗಿ ಒಪ್ಪಿದರೆ ಆಫ್‌ಲೈನ್ ಪರಿಶೀಲನೆ (ಆಧಾರ್‌ನ ಕೇಂದ್ರ ದತ್ತಾಂಶವನ್ನು ಸಂಪರ್ಕಿಸದೆ ಮಾಡುವ ಪರಿಶೀಲನೆ) ಮಾಡಬಹುದು ಎಂದಿತಾದರೂ, ಹಾಗೆ ಪರಿಶೀಲಿಸುವವರು ಆಧಾರ್ ಸಂಖ್ಯೆಯನ್ನು ಸಂಗ್ರಹಿಸುವಂತಿಲ್ಲ ಎಂದೂ ಹೇಳಿತು.

ಬೆರಳಚ್ಚಿನ ಪ್ಲಗಿನ್ ಬೇರೆಯದೇ ಕೆಲಸಕ್ಕೆ ಇರುವಂಥದ್ದು. ಈ ಫೋನಿನಲ್ಲಿ ಮೊದಲು ದಾಖಲಾಗಿದ್ದ ಬೆರಳೇ ಈಗಲೂ ತಾಗಿದೆ ಎಂಬಷ್ಟನ್ನು ಅದು ಹೇಳುತ್ತದೆ. ಆ ಬೆರಳು ಯಾರದು ಎಂಬುದು ಅದಕ್ಕೆ ಗೊತ್ತಿಲ್ಲ. ಮೇಲಾಗಿ, ಎರೆ ಹೊಲದಲ್ಲಿ ದುಡಿದು ಸವೆದ ಬೆರಳುಗಳನ್ನು ಫೋನು ಗುರುತಿಸದೆ ಹೋಗುವುದು ನಮ್ಮ ಭಾಗದಲ್ಲಿ ದಿನನಿತ್ಯದ ಮಾತು.

ನೀವು ಮೊದಲು ಯೋಚಿಸಬೇಕಾದದ್ದು, ಯಾರು ಮೋಸ ಮಾಡಿದರೆ ಯಾರಿಗೆ ನಷ್ಟ ಎಂಬುದನ್ನು. ಯಂತ್ರ ಬೇಕೆಂದು ಕೇಳುವ ರೈತ ಹಣ ಕೊಡುವವನೇ ಹೊರತು ಪಡೆಯುವವನಲ್ಲ; ಅವನ ಮೊಬೈಲಿಗೆ ಹೋಗುವ ಒಟಿಪಿ ಮತ್ತು ಊರಿನ ಹೆಸರು ಸಾಕು. ಕಡಲೆ ರಾಶಿಯ ಅವಸರದಲ್ಲಿರುವವನನ್ನು ಕಾರ್ಡು ಹುಡುಕಲು ಹೊಲದಿಂದ ಮನೆಗೆ ಅಟ್ಟುವುದು ನ್ಯಾಯವಲ್ಲ. ಮುಂಗಡ ಪಡೆಯುವ ಯಂತ್ರದ ಮಾಲೀಕನ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರಿ. ಅವನು ಒಪ್ಪಿಗೆ ಕೊಟ್ಟರೆ ಟ್ರ್ಯಾಕ್ಟರಿನ ಆರ್‌ಸಿ ಡಿಜಿಲಾಕರ್ ಮೂಲಕ ಸಾರಿಗೆ ಇಲಾಖೆಯ ದಾಖಲೆಯಿಂದಲೇ ನಿಮಗೆ ದೊರೆಯುತ್ತದೆ, ಚಾಲಕನ ಲೈಸೆನ್ಸ್ ಕೂಡ ಹಾಗೆಯೇ. ಇದಕ್ಕೆ ನೀವು ಡಿಜಿಲಾಕರ್‌ನಲ್ಲಿ ಪಾಲುದಾರರಾಗಿ ನೋಂದಾಯಿಸಿಕೊಳ್ಳಬೇಕಾಗುತ್ತದೆ. ಜೊತೆಗೆ ಅವನ ಬ್ಯಾಂಕ್ ಖಾತೆಗೆ 1 ರೂಪಾಯಿ ಹಾಕಿ, ಬ್ಯಾಂಕಿನಿಂದ ಬರುವ ಖಾತೆದಾರನ ಹೆಸರನ್ನು ಆರ್‌ಸಿಯ ಹೆಸರಿನೊಂದಿಗೆ ತಾಳೆ ನೋಡಿ.

ನಿಜವಾದ ಕಷ್ಟ ಈ ತಾಳೆ ನೋಡುವುದರಲ್ಲೇ ಇದೆ. ನಮ್ಮಲ್ಲಿ ಹೆಸರೆಂದರೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಮೂರೂ ಸೇರಿ. ಒಬ್ಬನೇ ಮನುಷ್ಯ ಒಂದು ದಾಖಲೆಯಲ್ಲಿ ‘ಶಿವಪ್ಪ ಬಸಪ್ಪ ಮೆಣಸಿನಕಾಯಿ’ ಆಗಿರುತ್ತಾನೆ, ಇನ್ನೊಂದರಲ್ಲಿ ‘ಶಿವಪ್ಪ ಬಿ ಎಂ’, ಮತ್ತೊಂದರಲ್ಲಿ ಅಡ್ಡಹೆಸರು ಮುಂದೆ ಬಂದು ‘ಮೆಣಸಿನಕಾಯಿ ಶಿವಪ್ಪ’. ಇಂಗ್ಲಿಷ್ ಕಾಗುಣಿತ ಒಂದೊಂದು ಕಡೆ ಒಂದೊಂದು ಬಗೆ. ಅಕ್ಷರಕ್ಕೆ ಅಕ್ಷರ ಹೋಲಿಸುವ ಕೋಡ್ ಬರೆದರೆ ಪ್ರಾಮಾಣಿಕರೇ ಹೊರಗುಳಿಯುತ್ತಾರೆ. ಹೆಸರನ್ನು ಪದಗಳಾಗಿ ಬಿಡಿಸಿ, ಕ್ರಮವನ್ನು ಲೆಕ್ಕಿಸದೆ, ಒಂಟಿ ಅಕ್ಷರವನ್ನು ಪೂರ್ಣ ಪದದ ಮೊದಲಕ್ಷರಕ್ಕೆ ಹೊಂದಿಸಿ ನೋಡಿ. ಹುಟ್ಟಿದ ದಿನವನ್ನೂ ಬಹಳ ನಂಬಬೇಡಿ: ಹಿರಿಯರ ಆಧಾರ್‌ನಲ್ಲಿ ಎಷ್ಟೋ ಸಲ ವರ್ಷ ಮಾತ್ರ ಇರುತ್ತದೆ, ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿಕೊಂಡವರೂ ಬಹಳ ಮಂದಿ. ಇನ್ನು ಕೂಡುಕುಟುಂಬಗಳಲ್ಲಿ ಟ್ರ್ಯಾಕ್ಟರ್ ತಂದೆಯ ಅಥವಾ ಅಣ್ಣನ ಹೆಸರಿನಲ್ಲಿದ್ದು, ನಡೆಸುವವನು ಕಿರಿಯ ಮಗನಾಗಿರುತ್ತಾನೆ. ಇಂಥ ಅರ್ಜಿಯನ್ನು ತಿರಸ್ಕರಿಸದೆ ‘ಪರಿಶೀಲನೆಯಲ್ಲಿದೆ’ ಎಂದು ತೋರಿಸಿ, ನಿಮ್ಮಲ್ಲಿ ಒಬ್ಬರು ಆರ್‌ಸಿಯಲ್ಲಿ ಹೆಸರಿರುವವರೊಂದಿಗೆ ಫೋನಿನಲ್ಲಿ ಮಾತನಾಡುವ ವ್ಯವಸ್ಥೆ ಇಟ್ಟುಕೊಳ್ಳಿ.

ಆರ್‌ಸಿ ಇಲ್ಲದ ಯಂತ್ರದ ಮಾಲೀಕರಿಗೆ ಆಧಾರ್‌ನ ಸುರಕ್ಷಿತ ಕ್ಯೂಆರ್ ಒಂದು ದಾರಿ. ಅದರೊಳಗೆ ಹೆಸರು, ವಿಳಾಸ, ಭಾವಚಿತ್ರ ಇದ್ದು, ಆಧಾರ್ ನೀಡುವ ಪ್ರಾಧಿಕಾರವಾದ ಯುಐಡಿಎಐನ ಡಿಜಿಟಲ್ ಸಹಿ ಇರುವುದರಿಂದ ತಿದ್ದಿದರೆ ಸಿಕ್ಕಿಬೀಳುತ್ತದೆ. ಆದರೆ ಅದು ಕಾರ್ಡು ಅಸಲಿ ಎಂದು ಹೇಳುತ್ತದೆಯೇ ವಿನಾ ಕಾರ್ಡು ಹಿಡಿದವನು ಅದರ ಒಡೆಯ ಎಂದು ಹೇಳುವುದಿಲ್ಲ. ಮುಖವನ್ನು ಭಾವಚಿತ್ರದೊಂದಿಗೆ ಹೋಲಿಸಲೇಬೇಕು. ಎಸ್‌ಡಿಕೆ ಕೊಳ್ಳುವುದಾದರೆ ಈ ಒಂದು ಹಂತಕ್ಕಾಗಿ ಕೊಳ್ಳಿ. ಕ್ಯಾಮೆರಾದ ಎದುರು ಫೋಟೊ ಹಿಡಿದು ವಂಚಿಸುವುದನ್ನು ತಡೆಯುವ ಪರೀಕ್ಷೆಗೆ ಐಎಸ್‌ಒ 30107-3 ಎಂಬ ಮಾನದಂಡವಿದೆ. ಅದರಂತೆ ಸ್ವತಂತ್ರ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿದೆಯೇ ಎಂದು ಲಿಖಿತವಾಗಿ ಕೇಳಿ. ಆಧಾರ್‌ನ ಆಫ್‌ಲೈನ್ ಪರಿಶೀಲನೆಗೆ ಸದ್ಯ ಜಾರಿಯಲ್ಲಿರುವ ನೋಂದಣಿ ನಿಯಮಗಳನ್ನು ಯುಐಡಿಎಐನ ಜಾಲತಾಣದಲ್ಲಿ ಓದಿಕೊಂಡೇ ಮುಂದುವರಿಯಿರಿ.

ಕೋಡ್ ಬರೆಯುವಾಗ ಫೋನಿನ ಮಾತನ್ನು ಎಂದಿಗೂ ಅಂತಿಮವೆಂದು ಒಪ್ಪಬೇಡಿ. ‘ಪರಿಶೀಲನೆ ಯಶಸ್ವಿ’ ಎಂಬ ಉತ್ತರ ಆ್ಯಪ್‌ನಿಂದ ಸರ್ವರ್‌ಗೆ ಬರುವಂತೆ ಮಾಡಿದರೆ, ಆ ಉತ್ತರವನ್ನು ಯಾರು ಬೇಕಾದರೂ ತಯಾರಿಸಿ ಕಳಿಸಬಹುದು. ಪರಿಶೀಲನಾ ಕಂಪನಿಯು ಕೊಟ್ಟ ಗುಪ್ತ ಕೀಲಿಯನ್ನು ಆ್ಯಪ್‌ನೊಳಗೆ ಇಟ್ಟರೆ ಎಪಿಕೆ (ಆ್ಯಪ್‌ನ ಕಡತ) ಬಿಚ್ಚಿದವರಿಗೆ ಅದು ಸಿಗುತ್ತದೆ. ನಿಮ್ಮ ಸರ್ವರ್ ಅಲ್ಪಾವಧಿಯ ಟೋಕನ್ (ಸ್ವಲ್ಪ ಹೊತ್ತಷ್ಟೇ ನಡೆಯುವ ಅನುಮತಿ ಸಂಕೇತ) ಪಡೆದು ಫೋನಿಗೆ ಕೊಡಲಿ, ಫಲಿತಾಂಶ ಕಂಪನಿಯಿಂದ ನೇರವಾಗಿ ವೆಬ್‌ಹುಕ್ (ಅವರ ಸರ್ವರ್ ತಾನಾಗಿ ಕಳಿಸುವ ಸಂದೇಶ) ಮೂಲಕ ಸರ್ವರ್‌ಗೆ ಬರಲಿ, ಆ ವೆಬ್‌ಹುಕ್‌ನ ಸಹಿಯನ್ನೂ ಪರೀಕ್ಷಿಸಿ. ಕ್ಯೂಆರ್ ಓದುವುದನ್ನು ಫೋನಿಗೆ ಬಿಟ್ಟು, ಸಹಿಯನ್ನು ಸರ್ವರ್‌ನಲ್ಲೇ ನೋಡಿ. ಡಿಜಿಲಾಕರ್ ಪುಟವನ್ನು ಆ್ಯಪ್‌ನ ಒಳಗೇ ಜಾಲಪುಟ ತೋರಿಸುವ ವೆಬ್‌ವ್ಯೂನಲ್ಲಿ ತೆರೆಯದೆ ಫೋನಿನ ಬ್ರೌಸರ್‌ನಲ್ಲೇ ತೆರೆಯಿರಿ.

ಫ್ಲಟರ್‌ಗೆ ಸಂಬಂಧಿಸಿದ ಒಂದು ತೊಂದರೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ರೋಣದ ಹತ್ತಿರದ ಹಳ್ಳಿಯೊಂದರಲ್ಲಿ, ನಾನು ಸಲಹೆ ನೀಡಿದ್ದ ಆ್ಯಪ್ ಒಂದನ್ನು ಹಿರಿಯ ರೈತರೊಬ್ಬರು ತಮ್ಮ ಹಳೆಯ ಫೋನಿನಲ್ಲಿ ತುಂಬುತ್ತಿದ್ದರು. ಫೋಟೊ ತೆಗೆದು ಸರಿ ಒತ್ತಿದೊಡನೆ ಆ್ಯಪ್ ಮೊದಲ ಪುಟಕ್ಕೆ ಮರಳಿತು. ಮೂರು ಸಲ ಹೀಗಾದ ಮೇಲೆ ಅವರು, ‘ನನ್ನ ಕೈಯಾಗ ಆಗೂದಿಲ್ಲ ಬಿಡ್ರಿ’ ಎಂದು ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ತಪ್ಪು ಅವರದಾಗಿರಲಿಲ್ಲ. ರ‍್ಯಾಮ್ ಕಡಿಮೆಯಿರುವ ಫೋನಿನಲ್ಲಿ ಕ್ಯಾಮೆರಾ ತೆರೆದಾಗ, ಹಿಂದೆ ಉಳಿದ ಆ್ಯಪ್ ಅನ್ನು ಆಂಡ್ರಾಯ್ಡ್ ಮುಚ್ಚಿಬಿಡುತ್ತದೆ. ಇಮೇಜ್ ಪಿಕರ್ ಪ್ಲಗಿನ್‌ನಲ್ಲಿ ಹೀಗೆ ಕಳೆದ ಚಿತ್ರವನ್ನು ಮರಳಿ ಪಡೆಯಲು ರಿಟ್ರೀವ್ ಲಾಸ್ಟ್ ಡೇಟಾ ಎಂಬ ವಿಧಾನವೇ ಇದೆ. ಆ್ಯಪ್ ಶುರುವಾಗುವಾಗ ಅದನ್ನು ತಪ್ಪದೆ ಕರೆಯಿರಿ ಮತ್ತು ಯಾವ ಹಂತದಲ್ಲಿದ್ದರು ಎಂಬುದನ್ನು ಉಳಿಸಿಡಿ. ಐಫೋನಿನಲ್ಲಾದರೆ, ಕ್ಯಾಮೆರಾ ಏಕೆ ಬೇಕೆಂಬ ವಿವರಣೆಯನ್ನು ಇನ್ಫೋ ಪ್ಲಿಸ್ಟ್ ಕಡತದಲ್ಲಿ ಬರೆಯದಿದ್ದರೆ ಆ್ಯಪ್ ಅಲ್ಲಿಯೇ ಮುಚ್ಚಿಕೊಳ್ಳುತ್ತದೆ.

ಒಪ್ಪಿಗೆಯ ಪುಟ ಕನ್ನಡದಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಮಾಹಿತಿ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಜನರಿಗೆ ಕೊಡಬೇಕೆನ್ನುತ್ತದೆ. ಸುರಕ್ಷತಾ ಕ್ರಮ ಕೈಗೊಳ್ಳದವರಿಗೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಪರಿಶೀಲನೆ ಮುಗಿದ ಮೇಲೆ ಫಲಿತಾಂಶ, ದಿನಾಂಕ, ಪರಿಶೀಲಿಸಿದ ವಿಧಾನ ಇಷ್ಟನ್ನು ಉಳಿಸಿ, ಮುಖದ ಚಿತ್ರ ಮತ್ತು ಕ್ಯೂಆರ್ ಮಾಹಿತಿಯನ್ನು ಅಳಿಸಿಬಿಡಿ.

ಮೊದಲ ಹತ್ತು ಮಾಲೀಕರ ನೋಂದಣಿಯನ್ನು ನೀವೇ ಅಣ್ಣಿಗೇರಿಗೋ ನವಲಗುಂದಕ್ಕೋ ಹೋಗಿ, ಅವರ ಪಕ್ಕದಲ್ಲಿ ಕುಳಿತು, ಅವರದೇ ಫೋನಿನಲ್ಲಿ, ಬಿಸಿಲಿನಲ್ಲಿ ಮಾಡಿಸಿ. ಯಾವ ಪುಟದಲ್ಲಿ ಅವರ ಕೈ ನಿಲ್ಲುತ್ತದೆ ಎಂಬುದನ್ನು ಬರೆದುಕೊಂಡು ಬನ್ನಿ.